ನಮ್ಮ ಪಾರ್ಕಿನ ಮುಚ್ಚದ ಬಾವಿ

ನನಗೆ ಹಾವಿನ ಹೆದರಿಕೆ ಇಲ್ಲ, ಕತ್ತಲೆಯ ಹೆದರಿಕೆ ಇಲ್ಲ, ಶಾಲಾ ಇನ್‌ಸ್ಪೆಕ್ಟರರ ಹೆದರಿಕೆ ಮೊದಲೇ ಇರಲಿಲ್ಲ. ಬೆನ್ನ ಹಿಂದೆ ನನ್ನನ್ನು ಎಲ್ಲರೂ ‘ಬಾಯಿ ಜೋರಿನ ಟೀಚರ್’ ಎನ್ನುತ್ತಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು, ನನಗೆ ಬೇಸರವೇನೂ ಆಗಿರಲಿಲ್ಲ. ಅಂಥ ನಾನು ಒಂದು ವರ್ಷ, ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರದಿಂದ ನಾಗರಪಂಚಮಿಯವರೆಗೆ, ನೆಲಕ್ಕೆ ಹೆದರಿ ಬದುಕಿದೆ. ಇಡೀ ಭೂಮಿಗಲ್ಲ, ಬಂಟ್ವಾಳ ಪೇಟೆಯ ಪಾರ್ಕಿನ ಒಂದು ತುಂಡು ನೆಲಕ್ಕೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಆಗ ಇಪ್ಪತ್ತೆರಡು ತುಂಬಿತ್ತು.

ಪಾರ್ಕು ಎಂದರೆ ದೊಡ್ಡದೇನಲ್ಲ. ನೇತ್ರಾವತಿಗೆ ಇಳಿಯುವ ದಾರಿಯ ಪಕ್ಕದಲ್ಲಿ ಮುಕ್ಕಾಲು ಎಕ್ರೆ ಜಾಗ. ಬ್ರಿಟಿಷರ ಕಾಲದ ಯಾವನೋ ಅಧಿಕಾರಿ ಮಾಡಿಸಿದ್ದಂತೆ. ನಾಲ್ಕು ಕಲ್ಲು ಬೆಂಚು, ಒಂದು ದೊಡ್ಡ ನೇರಳೆ ಮರ, ಹೂವಿನ ಗಿಡಗಳಿಗೆ ನೀರು ಹಾಕಲು ಕಟ್ಟೆಯಿಲ್ಲದ ಒಂದು ಬಾವಿ. ನಾನು ಹುಟ್ಟುವ ಮೊದಲು ಆ ಬಾವಿಗೆ ಏಳೆಂಟು ವರ್ಷದ ಒಂದು ಹುಡುಗಿ ಬಿದ್ದು ಸತ್ತಳು. ಪಾರ್ಕಿನ ಬೇಲಿಗೆ ತಾಗಿದ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸಿನ ಮಗಳು ಅವಳು, ಇದ್ದವಳು ಒಬ್ಬಳೇ. ಪಂಚಾಯತಿನವರು ಬಾವಿ ಮುಚ್ಚಿಸಿದರು. ಆಮೇಲೆ ಯಾರೂ ಮಕ್ಕಳನ್ನು ಅಲ್ಲಿಗೆ ಕಳಿಸಲಿಲ್ಲ. ದೊಡ್ಡವರು ಹೋಗುವುದೂ ನಿಂತಿತು. ನಾನು ಶಾಲೆಗೆ ಸೇರುವಷ್ಟರಲ್ಲಿ ಮುಳ್ಳುಪೊದೆ ಬೆಂಚುಗಳನ್ನು ನುಂಗಿತ್ತು. ಮುಂದೆ ಎಲ್ಲರೂ ಕಮ್ಯುನಿಸ್ಟ್ ಗಿಡ ಎಂದು ಕರೆದ ಆ ಹಾಳು ಗಿಡವೂ ಬಂದು ಆಳೆತ್ತರ ಬೆಳೆದು ನಿಂತಿತು.

ಬಾವಿ ಮುಚ್ಚಿದ ಮೇಸ್ತ್ರಿ ನನ್ನ ಅಪ್ಪ. ಬಾವಿ ತೋಡುವುದೇ ಅವರ ಕಸುಬು. ಗುರುವಾಯನಕೆರೆಯಿಂದ ಮೂಡಬಿದಿರೆಯವರೆಗೆ ಅವರು ನೀರು ತೋರಿಸಿದ ಮನೆಗಳಿದ್ದವು. ಎಲ್ಲಿ ಹಾರೆ ಹಾಕಬೇಕು, ಎಷ್ಟು ಕೋಲು ಆಳಕ್ಕೆ ನೀರು ಬರುತ್ತದೆ, ಯಾವ ಮಣ್ಣು ಕುಸಿಯುತ್ತದೆ, ಯಾವುದು ನಿಲ್ಲುತ್ತದೆ, ಎಲ್ಲವನ್ನೂ ಅಪ್ಪ ಹೇಳಿದರೆ ಆಯಿತು. ಅವರು “ಇಳಿ” ಎಂದರೆ ಆಳು ಕಣ್ಣು ಮುಚ್ಚಿ ಹಗ್ಗ ಹಿಡಿದು ಇಳಿಯುತ್ತಿದ್ದ. ಬೀಡಿ ಕಟ್ಟುವ ಆ ಅಕ್ಕನಂತೂ ದಾರಿಯಲ್ಲಿ ಅಪ್ಪನನ್ನು ಕಂಡರೆ ನಿಂತು ಕೈ ಮುಗಿಯುತ್ತಿದ್ದರು. ಅವರ ಮಗಳನ್ನು ತಿಂದ ಬಾವಿಯ ಬಾಯಿ ಮುಚ್ಚಿಸಿದವರಲ್ಲವೇ. ಅಪ್ಪ ಆಗ ಬೇರೆ ಕಡೆ ನೋಡುತ್ತಿದ್ದರು. ಅದು ಸಂಕೋಚ ಎಂದು ನಾನು ತಿಳಿದಿದ್ದೆ.

ಎಲ್ಲೆಲ್ಲೂ ಶ್ರಮದಾನದ ಕಾಲ. ಬೆಳ್ತಂಗಡಿಯ ಕಡೆ ರಸ್ತೆ ಮಾಡಿದರಂತೆ, ಮೂಡಬಿದಿರೆಯಲ್ಲಿ ಕೆರೆಯ ಹೂಳು ತೆಗೆದರಂತೆ ಎಂದು ಸುದ್ದಿ ಬರುತ್ತಿತ್ತು. ನಮ್ಮ ಹೆಡ್ಮಾಸ್ಟ್ರಿಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. ಪೇಟೆಯ ನಾಲ್ಕು ಮಂದಿಯನ್ನು ಸೇರಿಸಿ ಸಮಿತಿ ಮಾಡಿದರು. ಪ್ರತಿ ಭಾನುವಾರ ಬೆಳಿಗ್ಗೆ ಊರವರೆಲ್ಲ ಸೇರಿ ಪಾರ್ಕಿನ ಕಾಡು ಕಡಿಯುವುದು, ಮೇ ತಿಂಗಳೊಳಗೆ ಮಕ್ಕಳಿಗೆ ಉಯ್ಯಾಲೆ ಹಾಕುವುದು ಎಂದು ನೋಟೀಸು ಹೊರಟಿತು. ಹೆಣ್ಣುಮಕ್ಕಳ ಸಾಲಿನ ಜವಾಬ್ದಾರಿ ನನ್ನದು. ಸಂಜೆ ಮನೆಗೆ ಬಂದವಳೇ ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ನೋಟೀಸನ್ನು ಜೋರಾಗಿ ಓದಿ ಹೇಳಿದೆ. ಮನೆಯಲ್ಲಿ ನಮ್ಮದು ತುಳುವೇ, ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಬಾಯಿಗೆ ಹಾಕಲಿದ್ದ ಎಲೆ ಅಡಿಕೆಯನ್ನು ತಟ್ಟೆಗೆ ವಾಪಸು ಇಟ್ಟರು.

“ಬಾವಿಯ ಹತ್ತಿರ ಮಕ್ಕಳನ್ನು ಬಿಡಬೇಡ ಮಗಾ.”

“ಯಾವ ಬಾವಿ? ನೀವೇ ಮುಚ್ಚಿದ್ದಲ್ಲವಾ?”

“ಮುಚ್ಚಲಿಲ್ಲ.”

ಅಮ್ಮ ಅಡುಗೆಕೋಣೆಯಲ್ಲಿದ್ದರು. ಅಪ್ಪ ಅತ್ತ ಒಮ್ಮೆ ನೋಡಿ ಸಣ್ಣ ಸ್ವರದಲ್ಲಿ ಹೇಳಿದರು. ಬಾವಿಗೆ ಮಣ್ಣು ತುಂಬಲು ಆಳುಗಳನ್ನು ಕರೆದುಕೊಂಡು ಹೋದವರು ಮೊದಲ ದಿನ ಬಗ್ಗಿ ನೋಡಿದರಂತೆ. ಬೇಸಗೆಯ ಕೊನೆ, ಆದರೂ ಒರತೆ ಬುಳುಬುಳು ಏಳುತ್ತಿತ್ತಂತೆ. ಜೀವ ಇರುವ ಬಾವಿಗೆ ಮಣ್ಣು ಹಾಕಿದರೆ ಮಹಾಪಾಪ ಎಂದು ಅಪ್ಪನಿಗೆ ಕಸುಬು ಕಲಿಸಿದವರು ಹೇಳಿದ್ದರು. ನಮ್ಮ ಕಡೆ ಈಗಲೂ ಹೇಳುತ್ತಾರೆ. ಆಳುಗಳನ್ನು ಏನೋ ನೆಪ ಹೇಳಿ ಕಳಿಸಿ, ಮರುದಿನ ಮೂಡಬಿದಿರೆಯ ಕಡೆಯ ಇಬ್ಬರು ಅಪರಿಚಿತರನ್ನು ತಂದು, ಬಾಯಿಗೆ ಅಡ್ಡಲಾಗಿ ತಾಳೆಮರದ ತೊಲೆ ಹಾಸಿ, ಮೇಲೆ ಕಲ್ಲಿನ ಚೂರು, ಅದರ ಮೇಲೆ ಎರಡು ಮೊಳ ಮಣ್ಣು ಹಾಕಿಸಿದರಂತೆ. ಮೊದಲ ಮಳೆಗೆ ಹುಲ್ಲು ಬಂತು. ಗಾಡಿಗಟ್ಟಲೆ ಮಣ್ಣು ಬಂದದ್ದನ್ನು ಊರು ನೋಡಿತ್ತು. ತೆಗೆದು ನೋಡುವವರು ಯಾರು?

ನನಗೆ ಸಿಟ್ಟು ನೆತ್ತಿಗೇರಿತು. “ಹೇಳಿಬಿಡುವ ಅಪ್ಪ. ನಾಳೆಯೇ ಹೆಡ್ಮಾಸ್ಟ್ರಿಗೆ ಹೇಳುವ.”

“ಹೇಳಿದರೆ ನಾಡಿದ್ದಿನಿಂದ ನನ್ನ ಮಾತು ಕೇಳಿ ಯಾರು ಬಾವಿಗೆ ಇಳೀತಾರೆ? ತಾಳೆಮರ ಅದು, ಗಟ್ಟಿ ಉಂಟು. ನೇರಳೆ ಮರದಿಂದ ನದಿಯ ಕಡೆಗೆ ಹತ್ತು ಹೆಜ್ಜೆ. ಅಲ್ಲಿಗೆ ಮಾತ್ರ ಮಕ್ಕಳು ಹೋಗದ ಹಾಗೆ ನೋಡಿಕೋ.”

ಅಪ್ಪನ ಸ್ವರ ನಡುಗುತ್ತಿತ್ತು. ಅವರು ನಡುಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಪ್ಪಿಕೊಂಡೆ. ಅಪ್ಪನ ತಪ್ಪು ಅಪ್ಪನದು, ಅವತ್ತು ಒಪ್ಪಿದ್ದು ಪೂರ್ತಿ ನನ್ನ ತಪ್ಪು.

ಮೊದಲ ಎರಡು ಭಾನುವಾರ ಕೆಲಸ ರಸ್ತೆಯ ಕಡೆಯಿಂದ ನಡೆಯಿತು. ಗಂಡಸರು ಕತ್ತಿಯಲ್ಲಿ ಪೊದೆ ಸವರುತ್ತಾ ಹೋಗುವುದು, ಹಿಂದಿನಿಂದ ಮಕ್ಕಳು ಸಾಲಾಗಿ ಕಡಿದದ್ದನ್ನು ಎಳೆದು ರಾಶಿ ಹಾಕುವುದು. ಮೂಟೆಗಟ್ಟಲೆ ಗಲಾಟೆ. ಬೀಡಿ ಕಟ್ಟುವ ಅಕ್ಕ ಬೇಲಿಯ ಬಳಿ ಕೊಡಪಾನ ಇಟ್ಟುಕೊಂಡು ಎಲ್ಲರಿಗೂ ಬೆಲ್ಲ ನೀರು ಕೊಡುತ್ತಿದ್ದರು. ಇಷ್ಟು ವರ್ಷಗಳ ಮೇಲೆ ಅಲ್ಲಿ ಮಕ್ಕಳ ಸದ್ದು ಕೇಳಿ ಅವರ ಮುಖ ಅರಳಿತ್ತು. “ನಿಮ್ಮ ಅಪ್ಪ ಮುಚ್ಚದಿದ್ದರೆ ಈ ಮಕ್ಕಳನ್ನು ಇಲ್ಲಿ ಬಿಡಲು ನನ್ನ ಮನಸ್ಸು ಕೇಳ್ತಿರಲಿಲ್ಲ ಟೀಚರ್” ಎಂದರು. ನಾನು ಲೋಟವನ್ನು ಅರ್ಧಕ್ಕೇ ಅವರ ಕೈಗೆ ಕೊಟ್ಟು ಮಕ್ಕಳ ಸಾಲಿಗೆ ತಿರುಗಿ ಹೋದೆ.

ಮೂರನೆಯ ಭಾನುವಾರ ಸಾಲು ನೇರಳೆ ಮರದ ಹತ್ತಿರ ಬಂತು. ನಾನು ಮಕ್ಕಳನ್ನು ಆಚೆ ತಿರುಗಿಸುವ ಯೋಚನೆಯಲ್ಲೇ ಇದ್ದೆ. ಅಷ್ಟರಲ್ಲಿ ಮೂರನೆಯ ಕ್ಲಾಸಿನ ಒಂದು ಹುಡುಗಿ, ಎರಡು ಜಡೆಯ ತುಂಟಿ, ಬಿದ್ದ ನೇರಳೆ ಕೊಂಬೆಯೊಂದನ್ನು ಎಳೆಯಲು ಸಾಲು ಬಿಟ್ಟು ನದಿಯ ಕಡೆಗೆ ನಡೆದಳು. ಮೂರು ಹೆಜ್ಜೆ. ನಾಲ್ಕು. ಐದು. ಬಾಯಿಂದ ಬಂದದ್ದು ಒಂದೇ ಮಾತು.

“ನಾಗ! ನಾಗ ಉಂಟು ಅಲ್ಲಿ! ಬಾ ಈಚೆ!”

ಹುಡುಗಿ ಕಿರುಚಿ ಓಡಿ ಬಂದಳು. ಸಾಲೆಲ್ಲ ಚೆಲ್ಲಾಪಿಲ್ಲಿ. ಹೆಡ್ಮಾಸ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

“ಎಲ್ಲಿ ಟೀಚರ್? ನೀವೇ ನೋಡಿದಿರಾ?”

“ಅಲ್ಲೇ, ಆ ಪೊದೆಯಲ್ಲಿ. ಹೆಡೆ ಎತ್ತಿತ್ತು.”

ಗಂಡಸರು ಕತ್ತಿ ಕೆಳಗಿಟ್ಟರು. ನಮ್ಮ ಕಡೆಯವರು ಕಾಡುಹಂದಿಗೆ ಹೆದರುವುದಿಲ್ಲ, ಸರಕಾರಕ್ಕೂ ಅಷ್ಟಕ್ಕಷ್ಟೇ. ನಾಗ ಎಂದರೆ ಮಾತ್ರ ಧ್ವನಿ ತಗ್ಗುತ್ತದೆ. ಅಲ್ಲಿ ಕತ್ತಿ ಹಾಕುವುದು ಬೇಡ, ಆ ಮೂಲೆ ಇದ್ದ ಹಾಗೇ ಇರಲಿ ಎಂದು ಸಮಿತಿ ನಿಂತಲ್ಲೇ ತೀರ್ಮಾನ ಮಾಡಿತು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ನಾನು ಮಾತ್ರ ಒಳಗೊಳಗೇ ಬೀಗುತ್ತಿದ್ದೆ. ಒಂದು ಸುಳ್ಳಿನಲ್ಲಿ ಮಕ್ಕಳೂ ಉಳಿದರು, ಅಪ್ಪನ ಮರ್ಯಾದೆಯೂ ಉಳಿಯಿತು ಎಂದುಕೊಂಡೆ. ಎಂಥ ದಡ್ಡಿ ನಾನು. ನನ್ನ ಊರನ್ನು ನಾನೇ ಮರೆತಿದ್ದೆ.

ಹದಿನೈದು ದಿನವೂ ಆಗಿರಲಿಲ್ಲ, ಅಲ್ಲಿ ಮೊದಲೇ ನಾಗನ ಕಲ್ಲು ಇತ್ತು ಎಂದು ಪೇಟೆಯಲ್ಲಿ ಒಬ್ಬರು ಆಣೆ ಹಾಕಿ ಹೇಳಿದರು. ಇನ್ನೊಬ್ಬರ ಅಜ್ಜನಿಗೆ ಅದು ಗೊತ್ತಿತ್ತಂತೆ. ಆಮೇಲೆ ನೇರಳೆ ಮರದ ಆಚೆ ನಿಜವಾಗಿಯೂ ಒಂದು ಕಲ್ಲು ಕಾಣಿಸಿತು, ಅದಕ್ಕೆ ಅರಶಿನ ಬಳಿದಿತ್ತು. ಯಾರು ತಂದಿಟ್ಟರೋ. ಮರದ ಡಿಪೋದ ಬ್ಯಾರಿ ಸಾಹೇಬರು ಸಮಿತಿಯಲ್ಲಿದ್ದರು. “ನಿಮ್ಮ ನಾಗನಿಗೆ ಬೇಲಿಯ ಗೂಟ ನಾನು ಕೊಡ್ತೇನೆ ಮಾಸ್ಟ್ರೇ, ಮಕ್ಕಳು ಮೆಟ್ಟುವುದು ಬೇಡ” ಎಂದು ಕಳಿಸಿಕೊಟ್ಟರು. ಇಡೀ ಊರಿನಲ್ಲಿ ನನ್ನ ಮನಸ್ಸಿಗೆ ಸಮಾಧಾನ ಕೊಟ್ಟ ಕೆಲಸ ಅದೊಂದೇ. ಬೇಲಿಗೆ ಸಣ್ಣದೊಂದು ಬಾಗಿಲು ಇಟ್ಟಿದ್ದರು, ಯಾಕೆಂದು ನಾನು ಕೇಳಲಿಲ್ಲ.

ಮೇ ತಿಂಗಳಲ್ಲಿ ಉಯ್ಯಾಲೆ ಬಂತು. ಬೆಂಚುಗಳನ್ನು ತಿಕ್ಕಿ ತೊಳೆದರು. ಪಾಣೆಮಂಗಳೂರಿನಿಂದಲೂ ಸಂಜೆ ಜನ ಬಂದು ಕೂರುತ್ತಿದ್ದರು. ಪಾರ್ಕು ಚೆಂದವಾದಷ್ಟೂ ನನ್ನ ಹೆದರಿಕೆ ಹೆಚ್ಚಾಯಿತು, ಯಾಕೆಂದರೆ ಮಕ್ಕಳು ಹೆಚ್ಚಾದರು. ಬೆಳಿಗ್ಗೆ ಹಾಜರಿ ಕರೆಯುವಾಗ ಒಂದು ಮಗು ‘ಹಾಜರ್’ ಎನ್ನದಿದ್ದರೆ ಅಲ್ಲೇ ನಿಲ್ಲುತ್ತಿದ್ದೆ. ಜ್ವರ ಬಂದು ಮಲಗಿದೆ ಎಂದು ಯಾರಾದರೂ ಹೇಳುವವರೆಗೆ ಮುಂದಿನ ಹೆಸರು ಕರೆಯಲು ಆಗುತ್ತಿರಲಿಲ್ಲ. ಜೊತೆಗೆ ನಾಗನ ಹೆಸರಿನಲ್ಲಿ ಸುಳ್ಳು ಹೇಳಿದ್ದೇನೆಂಬ ಭಯ ಬೇರೆ. ನಾಗನ ಶಾಪ ಮೊದಲು ಚರ್ಮದಲ್ಲಿ ಕಾಣುತ್ತದೆ ಎನ್ನುತ್ತಾರೆ, ಕೈಯಲ್ಲಿ ಒಂದು ಸಣ್ಣ ತುರಿಕೆ ಎದ್ದರೂ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಮಳೆ ಹಿಡಿಯಿತು. ಆ ವರ್ಷ ನದಿ ಪೇಟೆಯ ಮೆಟ್ಟಿಲವರೆಗೆ ಬಂದು ಇಳಿಯಿತು. ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ನನಗೆ ತೊಲೆಗಳು ನೆನೆಯುವುದೇ ಕಣ್ಣ ಮುಂದೆ ಬರುತ್ತಿತ್ತು. ನಮ್ಮ ತುಳುವರ ಆಟಿ ತಿಂಗಳಲ್ಲಿ, ಮಳೆಗಾಲದ ನಡುವೆ, ಒಂದು ದಿನ ಹೆಡ್ಮಾಸ್ಟ್ರು ಸ್ಟಾಫ್ ರೂಮಿಗೆ ಬಂದು ಖುಷಿಯಿಂದ ಹೇಳಿದರು. ಈ ಸಲದ ನಾಗರಪಂಚಮಿಗೆ ಪಾರ್ಕಿನಲ್ಲೇ ನಾಗನಿಗೆ ತನು, ಅಂದರೆ ಹಾಲು, ಎಳನೀರು ಎರೆಯುವುದು. ಭಟ್ರು ಒಪ್ಪಿದ್ದಾರೆ. ಪೇಟೆಯ ಹೆಂಗಸರೆಲ್ಲ ಬರುತ್ತಾರೆ. ಬೇಲಿಯೊಳಗೆ ನಲವತ್ತು ಮಂದಿ ನಿಲ್ಲುವಷ್ಟು ಜಾಗ ಉಂಟು.

“ಎಲ್ಲ ನಿಮ್ಮಿಂದ ಟೀಚರ್. ನೀವು ಅವತ್ತು ನೋಡದಿದ್ದರೆ ನಮಗೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ.”



ಅದೇ ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಅಪ್ಪನನ್ನು ಪಾರ್ಕಿಗೆ ಕರೆದುಕೊಂಡು ಹೋದೆ. ಬೇರೆ ಯಾರೂ ಇರಲಿಲ್ಲ. ಅಪ್ಪ ಬೇಲಿಯ ಹೊರಗೇ ಹೊಟ್ಟೆ ಅಡಿಯಾಗಿ ಮಲಗಿದರು, ಅರುವತ್ತರ ಮುದುಕ, ಕೆಸರಿನಲ್ಲಿ. ಕೈ ಚಾಚಿ, ತಂದಿದ್ದ ಹಾರೆಯ ಹಿಂಬದಿಯಿಂದ ನೆಲವನ್ನು ಮೆಲ್ಲ ಕುಟ್ಟಿ, ಕಿವಿ ಇಟ್ಟು ಕೇಳಿದರು. ಒಂದು ಕಡೆ ದಪ್ಪ ಸದ್ದು. ಇನ್ನೊಂದು ಕಡೆ ಕುಟ್ಟಿದಾಗ ಖಾಲಿ ಹಂಡೆಗೆ ಬಡಿದ ಹಾಗೆ ಕೇಳಿತು. ಅಲ್ಲಿಯ ಮಣ್ಣು ನಮ್ಮ ಕಣ್ಣೆದುರೇ ಒಂದು ಬೆರಳಷ್ಟು ಕುಗ್ಗಿತು. ಅಪ್ಪ ಹಿಂದೆ ಸರಿದು ಎದ್ದು ನಿಂತರು.

“ಇನ್ನು ನಿಲ್ಲುವುದಿಲ್ಲ ಮಗಾ. ಗೆದ್ದಲು ಹಿಡಿದಿದೆ.”

“ಹಾಗಾದರೆ ಈಗಲೇ ಹೋಗಿ ಹೇಳುವ.”

“ನಾನು ಹೇಳ್ತೇನೆ. ನೀನು ಹೇಳಬೇಡ. ನನ್ನ ಬಾಯಿಂದಲೇ ಬರಲಿ.”

ಪಂಚಮಿಗೆ ಎಂಟು ದಿನ ಇತ್ತು. ಬೇಲಿಯ ಬಾಗಿಲನ್ನು ನಾನು ಹಗ್ಗದಿಂದ ಏಳು ಸುತ್ತು ಬಿಗಿದು ಬಂದೆ. ಮರುದಿನ ಅಪ್ಪ ಕೊಡೆ ಹಿಡಿದು ಹೆಡ್ಮಾಸ್ಟ್ರ ಮನೆಯ ಕಡೆಗೆ ಹೊರಟರು, ಅರ್ಧ ದಾರಿಯಿಂದ ತಿರುಗಿ ಬಂದರು. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ಹೊರಡಲೇ ಇಲ್ಲ. ನಾನು ಸಿಟ್ಟಿನಲ್ಲಿ ಊಟ ಬಿಟ್ಟೆ, ಮಾತು ಬಿಟ್ಟೆ. ಏನೂ ಗೊತ್ತಿಲ್ಲದ ಅಮ್ಮ, “ಅಪ್ಪ ಮಗಳಿಗೆ ಏನಾಗಿದೆ ಮಾರಾಯ್ತಿ?” ಎಂದು ಇಬ್ಬರ ಮುಖವನ್ನೂ ನೋಡುತ್ತಿದ್ದರು. ಹೋಗಿ ನಾನೇ ಹೇಳಬಹುದಿತ್ತು. ನಾನೂ ಹೋಗಲಿಲ್ಲ. ಬಾಯಿ ಜೋರಿನ ಟೀಚರ್ ಎಂಟು ದಿನ ಬಾಯಿ ಮುಚ್ಚಿ ಕೂತಳು.

ಪಂಚಮಿಯ ಬೆಳಿಗ್ಗೆ ನಾನು ಮಿಂದು ಬರುವಷ್ಟರಲ್ಲಿ ಅಮ್ಮ ಹಾಲಿನ ಚೆಂಬು ಹಿಡಿದು ಹೊರಟೇ ಹೋಗಿದ್ದರು. ಅಪ್ಪ ಜಗಲಿಯಲ್ಲಿ ಕೂತಿದ್ದರು.

“ಅಮ್ಮನೂ ಹೋದರು ಅಪ್ಪ” ಎಂದೆ.

ಅವರು ನೆಲ ನೋಡುತ್ತಿದ್ದರು. ನಾನು ಒದ್ದೆ ಕೂದಲಿನಲ್ಲೇ ಮಳೆಗೆ ಇಳಿದು ಓಡಿದೆ. ದಾರಿಯುದ್ದಕ್ಕೂ ಕಿವಿ ಅತ್ತಲೇ ಇತ್ತು, ಎಲ್ಲಿ ಹೆಂಗಸರ ಬೊಬ್ಬೆ ಕೇಳುತ್ತದೋ ಎಂದು.

ಭಟ್ರು ಇನ್ನೂ ಬಂದಿರಲಿಲ್ಲ. ಹೆಂಗಸರು ಅಡಿಕೆಯ ಹಿಂಗಾರ, ಅರಶಿನದ ಎಲೆ, ಹಾಲು ಹಿಡಿದು ಬೇಲಿಯ ಹೊರಗೆ ಗುಂಪಾಗಿದ್ದರು. ಹೆಡ್ಮಾಸ್ಟ್ರು ನನ್ನ ಹಗ್ಗದ ಗಂಟು ಬಿಚ್ಚುತ್ತಿದ್ದರು, ಆರು ಸುತ್ತು ಬಿಚ್ಚಿಯಾಗಿತ್ತು. ನಾನು ನುಗ್ಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

“ಒಳಗೆ ಹೋಗಬೇಡಿ. ನಾಗ ಇಲ್ಲ. ನಾನು ನೋಡಲೇ ಇಲ್ಲ, ಸುಳ್ಳು ಹೇಳಿದ್ದು.”

ಯಾರೂ ನಂಬಲಿಲ್ಲ. ಸುಳ್ಳನ್ನು ಅಷ್ಟು ಬೇಗ ನಂಬಿದವರು ನಿಜವನ್ನು ಒಂದಿಷ್ಟೂ ನಂಬಲಿಲ್ಲ. “ನಾಗನ ಎದುರು ಹಾಗೆಲ್ಲ ಹೇಳಬಾರದು ಟೀಚರ್, ತಪ್ಪಾಯಿತು ಅನ್ನಿ” ಎಂದು ಒಬ್ಬರು ಕೆನ್ನೆ ಬಡಿದುಕೊಂಡರು. ಅಮ್ಮ ನಾಚಿಕೆಯಿಂದ ನನ್ನ ಕೈ ಹಿಡಿದು ಎಳೆದರು. ಬೀಡಿ ಕಟ್ಟುವ ಅಕ್ಕ ಎಲ್ಲರಿಗಿಂತ ಮುಂದೆ ಇದ್ದರು, ಚೆಂಬಿಗೆ ಬಾಳೆಲೆ ಮುಚ್ಚಿಕೊಂಡು. ಅವರ ಮುಖ ನೋಡಿ ನನಗೆ ಬಾವಿ ಎಂಬ ಶಬ್ದವೇ ಹೊರಡಲಿಲ್ಲ. ಅಮ್ಮನ ಎಳೆತಕ್ಕೆ ನನ್ನ ಕಾಲು ಜಾರಿತು, ಹಗ್ಗದ ಉಳಿದ ಒಂದು ಸುತ್ತೂ ಸಡಿಲಿ ಬಾಗಿಲು ತೆರೆಯಿತು.

“ನಿಲ್ಲಿ.”

ಅಪ್ಪ. ಕೊಡೆಯಿಲ್ಲ, ತಲೆಗೆ ಮುಂಡಾಸು ಇಲ್ಲ, ಕೈಯಲ್ಲಿ ಹಾರೆ. ಹೆಂಗಸರು ದಾರಿ ಬಿಟ್ಟರು. ಅಪ್ಪ ಬೇಲಿಯೊಳಗೆ ಒಂದೇ ಹೆಜ್ಜೆ ಇಟ್ಟು, ಎರಡೂ ಕೈಯಿಂದ ಹಾರೆ ಎತ್ತಿ, ಅರಶಿನ ಬಳಿದ ಕಲ್ಲಿನ ಮುಂದಿನ ನೆಲಕ್ಕೆ ಎಸೆದರು. ಹಾರೆ ನಾಟಲಿಲ್ಲ, ನೆಲದೊಳಗೆ ಮಾಯವಾಯಿತು. ನಾವು ಕೇಳುತ್ತಾ ನಿಂತೆವು. ಕೆಳಗೆ ದೂರದಲ್ಲಿ ನೀರಿನ ಸದ್ದಾಯಿತು. ಆಮೇಲೆ ಅಲ್ಲಿಯ ಮಣ್ಣು ಒಂದು ಚಾಪೆಯಷ್ಟು ಅಗಲ ಕುಸಿದು ಕಲ್ಲಿನ ಸಮೇತ ಒಳಗೆ ಹೋಯಿತು. ಯಾರೋ ಕಿರುಚಿದರು. ಅಮ್ಮನ ಚೆಂಬು ಕೈಯಿಂದ ಬಿತ್ತು.

“ನಾನು ಬಾವಿ ಮುಚ್ಚಲಿಲ್ಲ. ಮುಚ್ಚಿದೆ ಎಂದು ಹೇಳಿದೆ. ಮಗಳು ನನ್ನ ಮಾನಕ್ಕೆ ಹೆದರಿ ಸುಳ್ಳು ಹೇಳಿದಳು” ಎಂದರು ಅಪ್ಪ.

ಬೀಡಿ ಕಟ್ಟುವ ಅಕ್ಕ ಆ ಕಪ್ಪು ತೂತನ್ನು ನೋಡುತ್ತಾ ನಿಂತರು.

“ಇಷ್ಟು ವರ್ಷ ಹಾಗೇ ಇತ್ತಾ ಅದು? ನನ್ನ ಮನೆಯ ಹಿಂದೆ?”

“ಇತ್ತು.”

“ಯಾಕೆ ಮೇಸ್ತ್ರಿ?”

ಅಪ್ಪ ತಲೆ ಎತ್ತಲಿಲ್ಲ. “ಒರತೆ ಇತ್ತು. ಆಗ ಇವಳ ತಾಯಿ ಬಸುರಿ. ಅದಕ್ಕೆ ಮೊದಲು ಎರಡು ಮಗು ಹೋಗಿತ್ತು ನಮಗೆ. ಜೀವ ಇರುವ ಬಾವಿಗೆ ಮಣ್ಣು ಹಾಕಿದರೆ ಇದೂ ಉಳಿಯುವುದಿಲ್ಲ ಎಂದು ಹೆದರಿದೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಇದು ನನಗೂ ಗೊತ್ತಿರಲಿಲ್ಲ. ಎಂಟು ತಿಂಗಳು ಅಪ್ಪನನ್ನು ಹೇಡಿ ಎಂದು ಮನಸ್ಸಿನಲ್ಲೇ ಬೈದಿದ್ದೆ. ಅವರ ಹೇಡಿತನಕ್ಕೆ ಕಾರಣ ನಾನೇ ಎಂದು ಆ ಮಳೆಯಲ್ಲಿ ನಿಂತು ತಿಳಿಯಬೇಕಾಯಿತು.

ಅಕ್ಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಇವಳಿಗಾಗಿಯಾ?” ಎಂದರು.

“ಹೌದು” ಎಂದರು ಅಪ್ಪ.

ಅವರು ಬೈಯಲಿಲ್ಲ, ಅಳಲೂ ಇಲ್ಲ. ಚೆಂಬಿನ ಹಾಲನ್ನು ಕಾಲ ಬಳಿಯ ಕೆಸರಿಗೆ ಪೂರ್ತಿ ಸುರಿದು, ಬಾಳೆಲೆ ಬಿಸಾಡಿ, ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಾವಿಗೆ ಆಮೇಲೆ ಸೊಂಟದೆತ್ತರದ ಕಟ್ಟೆ ಬಂತು, ಮೇಲೆ ಕಬ್ಬಿಣದ ಬಲೆ ಬಂತು. ಅದರ ನೀರಿನಿಂದಲೇ ಪಾರ್ಕಿನ ಗಿಡಗಳು ಬೆಳೆದವು. ಅಪ್ಪನನ್ನು ಮತ್ತೆ ಯಾರೂ ಬಾವಿ ಕೆಲಸಕ್ಕೆ ಕರೆಯಲಿಲ್ಲ. ಅವರೂ ಯಾರನ್ನೂ ಕೇಳಲಿಲ್ಲ. ನಾನು ಅದೇ ಶಾಲೆಯಲ್ಲಿ ಇನ್ನೂ ಎಂಟು ವರ್ಷ ಇದ್ದೆ. ಅಕ್ಕ ದಾರಿಯಲ್ಲಿ ಸಿಗುತ್ತಿದ್ದರು. “ಊಟ ಆಯಿತಾ ಟೀಚರ್?” ಎಂದು ಅವರಾಗಿಯೇ ಕೇಳುತ್ತಿದ್ದರು, ಸ್ವರದಲ್ಲಿ ಕೋಪದ ಸುಳಿವೂ ಇರುತ್ತಿರಲಿಲ್ಲ. ನಾನು “ಆಯಿತು ಅಕ್ಕ” ಎಂದು ಹೇಳಿ ಮುಂದೆ ನಡೆಯುತ್ತಿದ್ದೆ. ಅವರ ಮಗಳು ಬದುಕಿದ್ದರೆ ಎಷ್ಟು ವರ್ಷದವಳಾಗುತ್ತಿದ್ದಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿಂತು ಅವರ ಮುಖ ನೋಡುವ ಧೈರ್ಯ ಎಂಟು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ.